ಸುಖವೂ ಭಯವೂ ಒಂದೇ ಮೈಯಲ್ಲಿ: ಯುವತಿಯರ ಟಿವಿ ಕಥನಗಳು ಮತ್ತು ಸ್ತ್ರೀವಾದ

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಕಾಫಿ ಅಂಗಡಿ. ಅಲ್ಲಿ ಕೆಲಸಕ್ಕಿರುವ ಹ್ಯಾನಾ ಎಂಬ ಹುಡುಗಿ ಅಂಗಡಿಯ ಕಸವನ್ನು ಯಾರಿಗೂ ಹೇಳದೆ ಹತ್ತಿರದ ಮನೆಯೊಂದರ ಡಬ್ಬಿಗೆ ಹಾಕಿಬರುತ್ತಿದ್ದಾಳೆ. ಆ ಮನೆಯ ಯಜಮಾನ ನಲವತ್ತು ದಾಟಿದ ವೈದ್ಯ, ಹೆಂಡತಿಯಿಂದ ಈಚೆಗೆ ಬೇರೆಯಾದವನು. ಅವನು ಅಂಗಡಿಗೆ ಬಂದು ದೂರು ಹೇಳಿಹೋದ ಮೇಲೆ ಹ್ಯಾನಾ ತಪ್ಪೊಪ್ಪಿಕೊಳ್ಳಲು ಅವನ ಮನೆಗೆ ಹೋಗುತ್ತಾಳೆ, ತಾನೇ ಮುಂದಾಗಿ ಅವನಿಗೆ ಮುತ್ತು ಕೊಡುತ್ತಾಳೆ, ಎರಡು ದಿನ ಅಲ್ಲೇ ಉಳಿದುಬಿಡುತ್ತಾಳೆ. ಆ ಎರಡು ದಿನಗಳಲ್ಲಿ ಅವಳು ಮೇಲುಡುಪಿಲ್ಲದೆ ಟೇಬಲ್ ಟೆನಿಸ್ ಆಡುವ ಒಂದು ದೃಶ್ಯವಿದೆ. ಅವಳು ತೆಳ್ಳಗಿನ ಹುಡುಗಿಯಲ್ಲ. ಚೆಂಡಿನ ಹಿಂದೆ ಓಡುವಾಗ ಮೈ ಕುಲುಕುತ್ತದೆ, ಬಗ್ಗಿದಾಗ ಹೊಟ್ಟೆ ಮಡಿಕೆ ಬೀಳುತ್ತದೆ, ಅವಳು ಮಾತ್ರ ಆಟದಲ್ಲೇ ಮುಳುಗಿದ್ದಾಳೆ. ಎರಡನೆಯ ರಾತ್ರಿ ಅವಳು ಅಳುತ್ತಾಳೆ, ತನಗೂ ಎಲ್ಲರ ಹಾಗೆ ಸುಖವಾಗಿರಬೇಕೆಂಬ ಆಸೆಯಿದೆ ಎಂದು ಹೇಳಿಕೊಳ್ಳುತ್ತಾಳೆ. ಅಲ್ಲಿಯವರೆಗೆ ಅವಳ ಮೈಯನ್ನು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದ ಗಂಡಸು ಅವಳ ಮನಸ್ಸು ತೆರೆದುಕೊಂಡ ಆ ಗಳಿಗೆಯಲ್ಲಿ ಒಳಗೊಳಗೇ ಹಿಂದೆ ಸರಿಯುತ್ತಾನೆ. ಬೆಳಗ್ಗೆ ಅವಳು ಎದ್ದಾಗ ಅವನು ಕೆಲಸಕ್ಕೆ ಹೋಗಿಯಾಗಿದೆ. ಅವಳು ಹಾಸಿಗೆ ಸರಿಪಡಿಸಿ, ತಿಂಡಿ ತಿಂದು, ಹೊರಡುವಾಗ ಅವನ ಮನೆಯ ಕಸವನ್ನೂ ತೆಗೆದುಕೊಂಡು ಹೋಗುತ್ತಾಳೆ.

ಇದು ಲೀನಾ ಡನ್‌ಹ್ಯಾಮ್ ರೂಪಿಸಿ, ಬರೆದು, ತಾನೇ ಹ್ಯಾನಾ ಪಾತ್ರವನ್ನೂ ಮಾಡಿದ ‘ಗರ್ಲ್ಸ್’ ಸರಣಿಯ ಎರಡನೆಯ ಸೀಸನ್ನಿನ ಐದನೆಯ ಸಂಚಿಕೆ. 2013ರ ಫೆಬ್ರುವರಿಯಲ್ಲಿ ಎಚ್‌ಬಿಒ ವಾಹಿನಿಯಲ್ಲಿ ಇದು ಪ್ರಸಾರವಾದಾಗ ಹಲವು ಗಂಡಸು ವಿಮರ್ಶಕರು ಎತ್ತಿದ ಆಕ್ಷೇಪ ಒಂದೇ ಆಗಿತ್ತು. ಅಷ್ಟು ಚೆಲುವಾದ, ಅಷ್ಟು ಅನುಕೂಲಸ್ಥ ಗಂಡಸು ಇಂಥ ಹುಡುಗಿಯ ಜೊತೆ ಮಲಗುತ್ತಾನೆ ಎಂಬುದನ್ನು ನಂಬುವುದಾದರೂ ಹೇಗೆ ಎಂದು ಅವರು ಕೇಳಿದರು. ವೈದ್ಯನ ಪಾತ್ರ ಮಾಡಿದ ಪ್ಯಾಟ್ರಿಕ್ ವಿಲ್ಸನ್‌ನ ಹೆಂಡತಿ, ಸ್ವತಃ ನಟಿಯಾದ ಡಗ್ಮಾರಾ ಡೊಮಿನ್‌ಚಿಕ್, ತನ್ನ ಮೈಯೂ ತೆಳ್ಳಗಿಲ್ಲ, ಅದರಿಂದ ತಮ್ಮ ದಾಂಪತ್ಯಕ್ಕೆ ಯಾವ ಕೊರತೆಯೂ ಆಗಿಲ್ಲ ಎಂಬರ್ಥದ ಉತ್ತರವನ್ನು ಟ್ವಿಟರ್‌ನಲ್ಲಿ ಕೊಟ್ಟರು. ನಾನು ಈ ಸಂಚಿಕೆಯನ್ನು ಗೆಳತಿಯೊಬ್ಬಳ ಜೊತೆ ನೋಡಿದೆ. ಟೇಬಲ್ ಟೆನಿಸ್ ದೃಶ್ಯ ನಡೆಯುವಾಗ ಅವಳು “ಇವಳು ಯಾಕೆ ಹೊಟ್ಟೆ ಒಳಗೆಳ್ಕೊಳ್ಳಲ್ಲ ಮಾರಾಯ್ತಿ?” ಎಂದಳು. ಆ ರಾತ್ರಿ ನಾವಿಬ್ಬರೂ ಎಷ್ಟು ವರ್ಷಗಳಿಂದ, ಯಾರ ಮುಂದೆಲ್ಲ, ಹೊಟ್ಟೆ ಒಳಗೆಳೆದುಕೊಂಡೇ ನಿಂತಿದ್ದೇವೆ ಎಂದು ಬಹಳ ಹೊತ್ತು ಮಾತಾಡಿದೆವು.

ಮರುವರ್ಷದ ಜನವರಿಯಲ್ಲಿ ನಡೆದ ಪತ್ರಿಕಾಗೋಷ್ಠಿಯಲ್ಲಿ ಪತ್ರಕರ್ತನೊಬ್ಬ ಡನ್‌ಹ್ಯಾಮ್‌ಗೆ, ನಿಮ್ಮ ಸರಣಿಯಲ್ಲಿ ಇಷ್ಟೊಂದು ಬೆತ್ತಲೆ ದೃಶ್ಯಗಳು ಏಕಿವೆ ಎಂಬುದೇ ನನಗೆ ತಿಳಿಯುವುದಿಲ್ಲ ಎಂದು ಕೇಳಿದ. ನಿರ್ಮಾಪಕರು ಸಿಟ್ಟಾದರು, ಸುದ್ದಿ ನಾಲ್ಕು ದಿನ ಓಡಿತು. ಅದೇ ವಾಹಿನಿಯ ಬೇರೆ ಸರಣಿಗಳಲ್ಲಿ ಅದಕ್ಕಿಂತ ಹೆಚ್ಚು ಬೆತ್ತಲೆ ಮೈಗಳು ಕಾಣಿಸಿಕೊಳ್ಳುತ್ತಿದ್ದ ಕಾಲ ಅದು. ನೋಡುಗನನ್ನು ಕೆರಳಿಸಲೆಂದು ತೋರಿಸುವ ಮೈಗೆ ಯಾರೂ ಕಾರಣ ಕೇಳುವುದಿಲ್ಲ, ಏಕೆಂದರೆ ಅದರ ಕಾರಣ ಎಲ್ಲರಿಗೂ ಗೊತ್ತು. ಯಾರನ್ನೂ ಮೆಚ್ಚಿಸಲು ಹೊರಡದೆ, ಸ್ನಾನ ಮಾಡುತ್ತ, ಆಡುತ್ತ, ಅಳುತ್ತ ಸುಮ್ಮನೆ ಇರುವ ಮೈ ಮಾತ್ರ ತನ್ನ ಇರವಿಗೆ ಕಾರಣ ಕೊಡಬೇಕಾಗುತ್ತದೆ. ಸಿನಿಮಾದ ಕ್ಯಾಮೆರಾ ಗಂಡಸಿನ ಕಣ್ಣಾಗಿ ಕೆಲಸ ಮಾಡುತ್ತದೆ ಎಂದು ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ ಬರೆದ ಪ್ರಬಂಧ ವಾದಿಸಿತ್ತು. ನಲವತ್ತು ವರ್ಷಗಳ ನಂತರದ ಆ ಪ್ರಶ್ನೆ ಅವರ ವಾದಕ್ಕೆ ಸಿಕ್ಕ ಒಳ್ಳೆಯ ಪುರಾವೆಯಂತಿತ್ತು.

ಈ ಸರಣಿಗಳ ಬಗ್ಗೆ ನಡೆಯುವ ಚರ್ಚೆಯೆಲ್ಲ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತದೆ. ಹೆಣ್ಣಿನ ಕಾಮವನ್ನು ಬಿಡುಬೀಸಾಗಿ ತೋರಿಸಿದ್ದರಿಂದ ಇದು ಸ್ತ್ರೀವಾದ ಎಂದು ಒಂದು ಕಡೆಯವರು ಹೇಳುತ್ತಾರೆ. ಹೆಣ್ಣಿನ ಮೈಯನ್ನು ಇನ್ನೊಮ್ಮೆ ಮಾರಾಟಕ್ಕಿಟ್ಟಿದ್ದರಿಂದ ಇದು ಸ್ತ್ರೀವಾದವೇ ಅಲ್ಲ ಎಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಈ ಜಗಳ ಟಿವಿಗಿಂತ ಹಳೆಯದು. 1982ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ಹೆಣ್ಣಿನ ಲೈಂಗಿಕತೆಯ ಕುರಿತು ನಡೆದ ಸಮ್ಮೇಳನದ ಹೊರಗೆ ಅಶ್ಲೀಲ ಚಿತ್ರಗಳನ್ನು ವಿರೋಧಿಸುವ ಸ್ತ್ರೀವಾದಿಗಳೇ ಪ್ರತಿಭಟನೆಗೆ ನಿಂತಿದ್ದರು. ಆ ಸಮ್ಮೇಳನದ ಪ್ರಬಂಧಗಳನ್ನು ಕ್ಯಾರೊಲ್ ವ್ಯಾನ್ಸ್ 1984ರಲ್ಲಿ ಪುಸ್ತಕವಾಗಿ ತಂದಾಗ ಅದರ ಶೀರ್ಷಿಕೆಯಲ್ಲಿಯೇ ಸುಖ ಮತ್ತು ಅಪಾಯ ಎಂಬ ಎರಡೂ ಮಾತುಗಳಿದ್ದವು. ಹೆಣ್ಣಿನ ಪಾಲಿಗೆ ಕಾಮವೆಂಬುದು ಸುಖದ ತಾಣವೂ ಹೌದು, ಅಪಾಯದ ತಾಣವೂ ಹೌದು. ಸುಖದ ಬಗ್ಗೆ ಮಾತ್ರ ಮಾತಾಡಿದರೆ ಅವಳ ಮೇಲೆ ನಡೆಯುವ ಹಿಂಸೆ ಮರೆಯಾಗುತ್ತದೆ, ಹಿಂಸೆಯ ಬಗ್ಗೆ ಮಾತ್ರ ಮಾತಾಡಿದರೆ ಅವಳಿಗೆ ಬಯಕೆಯೇ ಇಲ್ಲವೆಂಬಂತಾಗುತ್ತದೆ ಎಂಬುದು ಅಲ್ಲಿನ ವಾದದ ತಿರುಳು. ಯುವತಿಯರ ಬದುಕಿನ ಟಿವಿ ಕಥನಗಳನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆಗೋಲು ನನಗೆ ಕಂಡಿಲ್ಲ. ಎಷ್ಟು ತೋರಿಸಿದರು, ಎಷ್ಟು ಮುಚ್ಚಿದರು ಎಂಬ ಲೆಕ್ಕದಿಂದ ಹೆಚ್ಚೇನೂ ತಿಳಿಯುವುದಿಲ್ಲ. ಬಯಸುವ ಮೈ ಮತ್ತು ಹೆದರುವ ಮೈ ಒಬ್ಬಳೇ ಹೆಣ್ಣಿನದು ಎಂಬ ಅರಿವು ಕಥೆಯಲ್ಲಿದೆಯೇ ಎಂಬುದನ್ನು ನೋಡಬೇಕು.

ಅಮೆರಿಕದ ಟಿವಿಗೆ ಈ ಅರಿವು ಬರಲು ಬಹಳ ಕಾಲ ಹಿಡಿಯಿತು. 1970ರಲ್ಲಿ ಆರಂಭವಾದ ‘ಮೇರಿ ಟೈಲರ್ ಮೂರ್ ಶೋ’ ಒಂಟಿಯಾಗಿ ಬದುಕುವ, ಉದ್ಯೋಗಸ್ಥ ಹೆಣ್ಣನ್ನು ನಾಯಕಿಯಾಗಿಸಿದ ಮೊದಮೊದಲ ಯಶಸ್ವಿ ಸರಣಿಗಳಲ್ಲಿ ಒಂದು. ಅದರ ಬರಹಗಾರರು ನಾಯಕಿಯನ್ನು ವಿಚ್ಛೇದಿತೆಯಾಗಿಸಲು ಬಯಸಿದ್ದರು, ಸಿಬಿಎಸ್ ವಾಹಿನಿ ಒಪ್ಪಲಿಲ್ಲ, ಕೊನೆಗೆ ಆಕೆ ನಿಶ್ಚಿತಾರ್ಥ ಮುರಿದುಬಿದ್ದ ಹುಡುಗಿಯಾದಳು. ಮೇರಿಗೆ ಗಂಡಸರ ಸಂಗವಿತ್ತು ಎಂಬುದನ್ನು ನೋಡುಗರು ಊಹಿಸಿಕೊಳ್ಳಬೇಕಿತ್ತು. 1972ರ ನವೆಂಬರಿನಲ್ಲಿ ‘ಮಾಡ್’ ಎಂಬ ಸರಣಿಯ ನಾಯಕಿ ಗರ್ಭಪಾತ ಮಾಡಿಸಿಕೊಳ್ಳಲು ನಿರ್ಧರಿಸಿದಳು. ಗರ್ಭಪಾತವನ್ನು ದೇಶದಾದ್ಯಂತ ಹಕ್ಕಾಗಿಸಿದ ರೋ ವರ್ಸಸ್ ವೇಡ್ ತೀರ್ಪು ಹೊರಬಿದ್ದದ್ದು ಅದಾಗಿ ಎರಡು ತಿಂಗಳಿಗೆ. ಆದರೆ ಮಾಡ್ ನಲವತ್ತೇಳರ ಗೃಹಿಣಿ. ಇಪ್ಪತ್ತರ ಹುಡುಗಿಯೊಬ್ಬಳು ಅದನ್ನು ತಲೆ ತಗ್ಗಿಸದೆ ಹೇಳುವುದನ್ನು ನೋಡಲು ಟಿವಿ ನೋಡುಗರು ಇನ್ನೂ ಬಹಳ ವರ್ಷ ಕಾಯಬೇಕಾಯಿತು.

1998ರಿಂದ 2004ರವರೆಗೆ 94 ಸಂಚಿಕೆಗಳಲ್ಲಿ ಬಂದ ‘ಸೆಕ್ಸ್ ಅಂಡ್ ದಿ ಸಿಟಿ’ ನಾಲ್ವರು ಗೆಳತಿಯರಿಗೆ ಬಾಯಿ ಕೊಟ್ಟಿತು. ಅದಕ್ಕೂ ಮುಂಚೆ ಹೆಂಗಸರು ಹೀಗೆ ಮಾತಾಡುತ್ತಿರಲಿಲ್ಲ ಎಂದಲ್ಲ, ಟಿವಿಯಲ್ಲಿ ಮಾತಾಡುತ್ತಿರಲಿಲ್ಲ. ಗಂಡಸಿನ ಚಪಲತೆ, ಅವನ ಅಸಾಮರ್ಥ್ಯ, ತಮ್ಮ ಸುಖದ ಲೆಕ್ಕಾಚಾರ ಎಲ್ಲವೂ ಹೋಟೆಲಿನ ಮೇಜಿನ ಸುತ್ತ, ತಿಂಡಿ ತಿನ್ನುತ್ತ, ನಗುತ್ತ ಹೊರಬಂದವು. ಆ ಮೇಜಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಅದರ ಮಿತಿಯೂ ಆ ಮೇಜೇ. ಹಿಂದಿನ ರಾತ್ರಿಯ ಯಾವ ಅವಮಾನವಾದರೂ ಮರುಬೆಳಗ್ಗೆ ಅಲ್ಲಿ ನಗೆಯಾಗಿ ಕರಗುತ್ತಿತ್ತು. ಅಪರಿಚಿತನ ಮನೆಗೆ ಹೋದ ಹೆಣ್ಣು ಬಾಗಿಲ ಚಿಲಕದ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾಳಲ್ಲ, ಆ ನೋಟ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಭಯದ ಕಥೆಗಳು ಬೇರೆ ವಾಹಿನಿಯ ಪೊಲೀಸ್ ಸರಣಿಗಳ ಪಾಲಾಗಿದ್ದವು. ಅಲ್ಲಿ ಹೆಣ್ಣಿನ ಮೈ ಹಿಂಸೆಗೆ ಒಳಗಾಗುತ್ತಿತ್ತು, ಬಯಸುತ್ತಿರಲಿಲ್ಲ. ಸುಖದ ಕಥೆ ಒಂದು ಮನೆಯಲ್ಲಿ, ಭಯದ ಕಥೆ ಇನ್ನೊಂದು ಮನೆಯಲ್ಲಿ ಎಂಬ ಪಾಲುಪಟ್ಟಿ ಬಹಳ ಕಾಲ ಹೀಗೇ ನಡೆಯಿತು.

‘ಗರ್ಲ್ಸ್’ ಆರಂಭವಾದದ್ದು 2012ರ ಏಪ್ರಿಲ್ 15ರಂದು. ಡನ್‌ಹ್ಯಾಮ್‌ಗೆ ಆಗ 25 ವರ್ಷ. ಮೊದಲ ಸಂಚಿಕೆಯ ಮೊದಲ ದೃಶ್ಯದಲ್ಲಿ ಹ್ಯಾನಾಳ ತಂದೆತಾಯಿ ಇನ್ನು ಮೇಲೆ ನಿನಗೆ ಹಣ ಕಳಿಸುವುದಿಲ್ಲ ಎಂದು ಹೇಳುತ್ತಾರೆ. ಸ್ವಾತಂತ್ರ್ಯದ ಕಥೆ ಹಣದ ಮಾತಿನಿಂದ ಶುರುವಾಗುವುದು ನನಗೆ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಹಿಂದಿನ ಸರಣಿಯ ನಾಯಕಿ ಪತ್ರಿಕೆಯ ಅಂಕಣವೊಂದರ ಬಲದಲ್ಲಿ ದುಬಾರಿ ಚಪ್ಪಲಿಗಳನ್ನು ಕೊಳ್ಳುತ್ತಿದ್ದಳು. ಶೋಷಾನಾ ಎಂಬ ಕಿರಿಯ ಗೆಳತಿಯ ಕೋಣೆಯ ಗೋಡೆಯ ಮೇಲೆ ಆ ಹಿಂದಿನ ಸರಣಿಯ ಭಿತ್ತಿಚಿತ್ರವಿದೆ. ಆ ಬದುಕು ಈ ಹುಡುಗಿಯರಿಗೆ ನೋಡಿ ಬೆಳೆದ ಕನಸು. ಕೈಗೆ ಸಿಕ್ಕಿರುವುದು ಸಂಬಳವಿಲ್ಲದ ತರಬೇತಿ ಕೆಲಸ, ಹಂಚಿಕೊಂಡ ಬಾಡಿಗೆ ಮನೆ, ಹಾಗೂ ಕರೆದಾಗ ಫೋನ್ ಎತ್ತದ ಆಡಮ್ ಎಂಬ ಗೆಳೆಯ. ಆಡಮ್‌ನ ಕಲ್ಪನೆಯ ಆಟಗಳಿಗೆ ಹ್ಯಾನಾ ಹೂಂಗುಟ್ಟುವ ದೃಶ್ಯಗಳಲ್ಲಿ ಕ್ಯಾಮೆರಾ ಅವಳ ಮುಖದ ಮೇಲೇ ನಿಲ್ಲುತ್ತದೆ. ಅಲ್ಲಿ ಒಪ್ಪಿಗೆಯಿದೆ, ಕುತೂಹಲವಿದೆ, ಇದು ನನಗೆ ಇಷ್ಟವೋ ಇಲ್ಲವೋ ಎಂಬ ಗೊಂದಲವಿದೆ, ಇಷ್ಟವಿಲ್ಲವೆಂದರೆ ಇವನು ಹೊರಟುಹೋದಾನು ಎಂಬ ಅಂಜಿಕೆಯೂ ಇದೆ. ಇವೆಲ್ಲವೂ ಒಟ್ಟಿಗೆ ಒಂದು ಮುಖದ ಮೇಲೆ ಬಂದುಹೋಗುವುದನ್ನು ಟಿವಿಯಲ್ಲಿ ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಎರಡನೆಯ ಸೀಸನ್ನಿನ ಒಂಬತ್ತನೆಯ ಸಂಚಿಕೆ ಇನ್ನೂ ಆಳಕ್ಕೆ ಹೋಗುತ್ತದೆ. ಆಡಮ್‌ಗೆ ನಟಾಲಿಯಾ ಎಂಬ ಹೊಸ ಗೆಳತಿ ಸಿಕ್ಕಿದ್ದಾಳೆ. ಮೊದಲ ಸಲ ಕೂಡುವಾಗ ಅವಳು ತನಗೆ ಏನು ಇಷ್ಟ, ಏನು ಇಷ್ಟವಿಲ್ಲ ಎಂಬುದನ್ನು ಒಂದೊಂದಾಗಿ ಹೇಳುತ್ತಾಳೆ, ಅವನು ಕೇಳಿಸಿಕೊಳ್ಳುತ್ತಾನೆ, ಹೀಗೆ ಸ್ಪಷ್ಟವಾಗಿ ಹೇಳುವುದು ಒಳ್ಳೆಯದಾಯಿತು ಎನ್ನುತ್ತಾನೆ. ಪಾಠಪುಸ್ತಕದಲ್ಲಿ ಬರೆದಿಡಬಹುದಾದಂಥ ಸಮ್ಮತಿ ಅದು. ಕೆಲವೇ ದಿನಗಳ ಅಂತರದಲ್ಲಿ ಬಿಟ್ಟಿದ್ದ ಕುಡಿತಕ್ಕೆ ಮರಳಿದ ಅವನು ತನ್ನ ಮನೆಯಲ್ಲಿ ಅವಳನ್ನು ಮೊಣಕಾಲೂರಿಸಿ ಕೋಣೆಗೆ ಹೋಗೆನ್ನುತ್ತಾನೆ. ಅವಳ ಸ್ವರದಲ್ಲಿ ಹಿಂಜರಿಕೆಯಿದೆ. ಅವನು ಅದನ್ನು ಗಮನಿಸುವ ಸ್ಥಿತಿಯಲ್ಲಿಲ್ಲ. ಎಲ್ಲ ಮುಗಿದ ಮೇಲೆ ಅವಳು ಬಟ್ಟೆಯನ್ನು ಮೈಮೇಲೆ ಎಳೆದುಕೊಳ್ಳುತ್ತ ಇದು ತನಗೆ ನಿಜವಾಗಿಯೂ ಇಷ್ಟವಾಗಲಿಲ್ಲ ಎಂದು ಹೇಳುತ್ತಾಳೆ. ಇದು ಅತ್ಯಾಚಾರವೇ, ಕೆಟ್ಟ ರಾತ್ರಿಯೇ ಎಂದು 2013ರ ಮಾರ್ಚ್‌ನಲ್ಲಿ ಅಮೆರಿಕದ ಪತ್ರಿಕೆಗಳು ವಾದಿಸಿದವು. ನನ್ನ ಮಟ್ಟಿಗೆ ಆ ಸಂಚಿಕೆಯ ಬೆಲೆ ಇರುವುದು ಎರಡು ರಾತ್ರಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟದ್ದರಲ್ಲಿ. ಅದೇ ಗಂಡಸು, ಅದೇ ಹೆಣ್ಣು. ಸ್ಪಷ್ಟವಾಗಿ ಹೇಳುವ ಧೈರ್ಯ ಅವಳಲ್ಲಿದ್ದೂ ಎರಡನೆಯ ಸಲ ಅದು ಅವಳನ್ನು ಕಾಯಲಿಲ್ಲ. ಹೆಣ್ಣು ಬಾಯಿಬಿಟ್ಟು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂಬ ಸುಲಭದ ಸ್ತ್ರೀವಾದಕ್ಕೆ ಅಲ್ಲಿ ಉತ್ತರವಿದೆ. ಕೇಳಿಸಿಕೊಳ್ಳುವ ಹೊಣೆ ಗಂಡಸಿನದು, ಆ ಹೊಣೆಯಿಂದ ಅವನು ಯಾವ ರಾತ್ರಿ ಬೇಕಾದರೂ ಜಾರಬಹುದು.

ಈ ಸರಣಿಗೆ ಬಿದ್ದ ಅತ್ಯಂತ ನ್ಯಾಯವಾದ ಏಟು ಬೇರೆ ಕಡೆಯದು. ನಾಲ್ವರು ನಾಯಕಿಯರೂ ಬಿಳಿಯರು. ಬ್ರೂಕ್ಲಿನ್‌ನಂಥ ಕಡೆ, ಕಪ್ಪು ಜನರೂ ಲ್ಯಾಟಿನ್ ಅಮೆರಿಕ ಮೂಲದವರೂ ಬೀದಿ ಬೀದಿಯಲ್ಲಿರುವಲ್ಲಿ, ಒಬ್ಬಳೇ ಒಬ್ಬಳು ಕಪ್ಪು ಗೆಳತಿ ಇವರಿಗೆ ಸಿಗಲಿಲ್ಲವೇ ಎಂದು ಮೊದಲ ವಾರದಿಂದಲೇ ಕೇಳಲಾಯಿತು. ಎರಡನೆಯ ಸೀಸನ್ನಿನ ಆರಂಭದಲ್ಲಿ ಎರಡು ಸಂಚಿಕೆಗಳ ಮಟ್ಟಿಗೆ ಡೊನಾಲ್ಡ್ ಗ್ಲೋವರ್ ಹ್ಯಾನಾಳ ಕಪ್ಪು ಗೆಳೆಯನಾಗಿ ಬಂದುಹೋದರು, ಅದು ಉತ್ತರವಾಗಲಿಲ್ಲ. ಹ್ಯಾನಾಳ ಹುಡುಗಾಟ, ಕೆಲಸ ಬಿಟ್ಟು ಓಡುವ ಸ್ವಭಾವ, ಮೈ ಬಗೆಗಿನ ನಿರ್ಭಿಡೆ ಇವೆಲ್ಲಕ್ಕೂ ಅವಳ ಬಣ್ಣ ಮತ್ತು ಪ್ರಾಧ್ಯಾಪಕ ತಂದೆತಾಯಿ ಬೆನ್ನಿಗಿದ್ದಾರೆ. ಬೀಳುವವಳಿಗೆ ಕೆಳಗೆ ಹಾಸಿಗೆಯಿದ್ದರೆ ಬೀಳುವುದೂ ಒಂದು ಅನುಭವವಾಗುತ್ತದೆ. 2016ರಲ್ಲಿ ಅದೇ ಎಚ್‌ಬಿಒದಲ್ಲಿ ಇಸಾ ರೇ ‘ಇನ್‌ಸೆಕ್ಯೂರ್’ ಆರಂಭಿಸಿದರು. ಅಂತರ್ಜಾಲದಲ್ಲಿ ತಾವೇ ಮಾಡಿ ಹಾಕಿದ ಸರಣಿಯಿಂದ ಹೆಸರಾಗಿದ್ದ ಅವರು ಲಾಸ್ ಏಂಜಲೀಸಿನ ಕಪ್ಪು ಹುಡುಗಿಯರ ಬದುಕನ್ನು ಐದು ಸೀಸನ್ನುಗಳಲ್ಲಿ ಬರೆದರು. ಅಮೆರಿಕದಲ್ಲಿ ಕಪ್ಪು ಹೆಣ್ಣನ್ನು ಗುಲಾಮಗಿರಿಯ ಕಾಲದಿಂದಲೂ ಕಾಮದ ಸರಕಾಗಿ ಚಿತ್ರಿಸಿಕೊಂಡು ಬರಲಾಗಿದೆ. ಹಾಗಾಗಿ ಅವಳು ತನ್ನ ಬಯಕೆಯ ಮಾತು ಆಡಿದರೆ ಹಳೆಯ ಅಪವಾದವನ್ನೇ ನಿಜ ಮಾಡಿದಂತೆ, ಆಡದಿದ್ದರೆ ಮಾನವಂತೆಯ ವೇಷ ಹಾಕಿಕೊಂಡಂತೆ. ಇಸಾ ಮತ್ತು ಮಾಲಿ ಎಂಬ ಇಬ್ಬರು ಗೆಳತಿಯರು ಈ ಇಕ್ಕಟ್ಟಿನ ನಡುವೆಯೇ ತಪ್ಪು ಮಾಡುತ್ತ, ನಗುತ್ತ, ಜಗಳಾಡುತ್ತ ಬದುಕುತ್ತಾರೆ. ಅವರ ಸರಣಿ ಕಡೆಯವರೆಗೂ ಸ್ನೇಹವನ್ನು ಕೈಬಿಡಲಿಲ್ಲ. ‘ಗರ್ಲ್ಸ್’ನಲ್ಲಿ ಕೊನೆಗೆ ಉಳಿಯದೆ ಹೋದದ್ದು ಅದೇ. ಕೊನೆಯ ಹಿಂದಿನ ಸಂಚಿಕೆಯಲ್ಲಿ ತನ್ನ ನಿಶ್ಚಿತಾರ್ಥದ ಪಾರ್ಟಿಯ ನಡುವೆ ಶೋಷಾನಾ ಬಚ್ಚಲುಮನೆಯಲ್ಲಿ ಮೂವರು ಗೆಳತಿಯರ ಮುಂದೆ, ನಾವು ಇನ್ನು ಒಟ್ಟಿಗೆ ಇರಲಾಗದು ಎಂದು ಶಾಂತವಾಗಿ ಹೇಳಿಬಿಡುತ್ತಾಳೆ.

2017ರ ಫೆಬ್ರುವರಿಯಲ್ಲಿ ಬಂದ ಒಂದು ಸಂಚಿಕೆ ಇಡೀ ಸರಣಿಯ ಶಿಖರವೆಂದು ನನ್ನ ಭಾವನೆ. ಪ್ರಸಿದ್ಧ ಕಾದಂಬರಿಕಾರನೊಬ್ಬ ಎಳೆಯ ಓದುಗಿಯರನ್ನು ಬಳಸಿಕೊಂಡಿದ್ದಾನೆಂಬ ಆರೋಪಗಳ ಬಗ್ಗೆ ಹ್ಯಾನಾ ಲೇಖನ ಬರೆದಿದ್ದಾಳೆ. ಆತ ಅವಳನ್ನು ಮನೆಗೆ ಕರೆಸುತ್ತಾನೆ. ಅರ್ಧ ಗಂಟೆಯ ಆ ಸಂಚಿಕೆಯಲ್ಲಿ ಹೆಚ್ಚಿನ ಪಾಲು ಇಬ್ಬರ ಮಾತೇ. ಅವನು ದುಃಖಿ, ಬುದ್ಧಿವಂತ, ಅವಳ ಬರವಣಿಗೆಯನ್ನು ಹೊಗಳುವವನು. ಶಾಲೆಯಲ್ಲಿದ್ದಾಗ ಮೇಷ್ಟ್ರೊಬ್ಬ ತನ್ನನ್ನು ಮೆಚ್ಚಿಕೊಂಡು ಕತ್ತು ನೇವರಿಸುತ್ತಿದ್ದ ನೆನಪನ್ನು ಹ್ಯಾನಾ ಅವನಿಗೆ ಹೇಳುತ್ತಾಳೆ. ಮಾತು ನಿಧಾನವಾಗಿ ಸ್ನೇಹದ ಕಡೆ ತಿರುಗುತ್ತದೆ. ಅವನು ಹಸ್ತಾಕ್ಷರ ಹಾಕಿದ ಪುಸ್ತಕ ಕೊಟ್ಟು, ಬಟ್ಟೆ ತೆಗೆಯುವುದು ಬೇಡ, ಸುಮ್ಮನೆ ಪಕ್ಕದಲ್ಲಿ ಮಲಗು, ಅಷ್ಟು ಸಾಕು ಎಂದು ಕೇಳುತ್ತಾನೆ. ಅವಳು ಮಲಗುತ್ತಾಳೆ. ಅವನು ತನ್ನ ಅಂಗವನ್ನು ಹೊರತೆಗೆದು ಅವಳ ತೊಡೆಗೆ ತಾಗಿಸುತ್ತಾನೆ. ಒಂದು ಕ್ಷಣ ಅವಳ ಕೈಯೂ ಅತ್ತ ಹೋಗಿ, ಮರುಕ್ಷಣ ಅವಳು ಕೂಗುತ್ತ ಎದ್ದು ನಿಲ್ಲುತ್ತಾಳೆ. ಆ ಒಂದು ಕ್ಷಣದ ಕೈಯನ್ನು ಬರೆಯಲು ಧೈರ್ಯ ಬೇಕು. ನ್ಯಾಯಾಲಯದಲ್ಲಿ ಹೆಣ್ಣಿನ ವಿರುದ್ಧ ನಿಲ್ಲುವುದು ಆ ಕ್ಷಣವೇ, ಮುಂದೆ ವರ್ಷಗಟ್ಟಲೆ ಅವಳು ತನ್ನನ್ನೇ ತಾನು ಬೈದುಕೊಳ್ಳುವುದೂ ಆ ಕ್ಷಣಕ್ಕಾಗಿಯೇ. ಸಂಚಿಕೆಯ ಕೊನೆಗೆ ಅವಳು ಆ ಕಟ್ಟಡದಿಂದ ಹೊರನಡೆಯುವಾಗ ಒಬ್ಬಳ ಹಿಂದೆ ಒಬ್ಬಳಂತೆ ಯುವತಿಯರು ಅದೇ ಬಾಗಿಲಿನೊಳಗೆ ಹೋಗುತ್ತಿರುತ್ತಾರೆ. ಹಾಲಿವುಡ್ ನಿರ್ಮಾಪಕ ಹಾರ್ವೆ ವೈನ್‌ಸ್ಟೀನ್ ಮೇಲಿನ ಆರೋಪಗಳು ಪತ್ರಿಕೆಯಲ್ಲಿ ಹೊರಬಿದ್ದು ಮೀಟೂ ಅಲೆ ಎದ್ದದ್ದು ಅದಾಗಿ ಏಳು ತಿಂಗಳಿಗೆ, 2017ರ ಅಕ್ಟೋಬರ್‌ನಲ್ಲಿ.

ಅದೇ ವರ್ಷದ ನವೆಂಬರ್‌ನಲ್ಲಿ ‘ಗರ್ಲ್ಸ್’ನ ಬರಹಗಾರರಲ್ಲಿ ಒಬ್ಬರ ಮೇಲೆ ಯುವ ನಟಿಯೊಬ್ಬರು ಅತ್ಯಾಚಾರದ ಆರೋಪ ಮಾಡಿದಾಗ ಡನ್‌ಹ್ಯಾಮ್ ಆರೋಪಿತನ ಪರವಾಗಿ ಹೇಳಿಕೆ ಕೊಟ್ಟರು. ಆತ ಆರೋಪವನ್ನು ಅಲ್ಲಗಳೆದಿದ್ದರು, ಮುಂದೆ ಮೊಕದ್ದಮೆಯೂ ಹೂಡಲ್ಪಡಲಿಲ್ಲ. ಆದರೂ ಹೆಣ್ಣಿನ ಮಾತನ್ನು ನಂಬಬೇಕೆಂದು ಬರೆದವರೇ ನಂಬದೆ ಹೋದದ್ದು ಹಲವರಿಗೆ ನೋವು ತಂದಿತು. ಆ ನಟಿ ಕಪ್ಪು ಮೂಲವೂ ಇರುವವರು ಎಂಬುದು ಆ ನೋವನ್ನು ಹೆಚ್ಚಿಸಿತು. 2018ರ ಡಿಸೆಂಬರ್‌ನಲ್ಲಿ ಡನ್‌ಹ್ಯಾಮ್ ಬಹಿರಂಗವಾಗಿ ಕ್ಷಮೆ ಕೇಳಿದರು. ಕೃತಿಗೆ ಕಂಡದ್ದು ಕೃತಿಕಾರಳಿಗೆ ತನ್ನ ಬಳಗದೊಳಗೆ ಕಾಣದೆ ಹೋಗಬಹುದು ಎಂಬುದನ್ನು ಇಲ್ಲಿ ದಾಖಲಿಸದೆ ಮುಂದೆ ಹೋಗುವುದು ಅಪ್ರಾಮಾಣಿಕವಾದೀತು.

ಅಟ್ಲಾಂಟಿಕ್‌ನ ಆಚೆ ಬ್ರಿಟನ್ನಿನಲ್ಲಿ ಫೀಬಿ ವಾಲರ್-ಬ್ರಿಜ್ 2016ರಲ್ಲಿ ‘ಫ್ಲೀಬ್ಯಾಗ್’ ತಂದರು. ಮೊದಲ ಸಂಚಿಕೆಯಲ್ಲಿ ತಂದೆ ಕೊಡಿಸಿದ ಟಿಕೆಟ್ಟಿನಲ್ಲಿ ಅಕ್ಕತಂಗಿಯರಿಬ್ಬರು ಸ್ತ್ರೀವಾದದ ಉಪನ್ಯಾಸವೊಂದಕ್ಕೆ ಹೋಗುತ್ತಾರೆ. ಚೆಂದದ ಮೈ ಸಿಗುವುದಾದರೆ ನಿಮ್ಮ ಆಯುಸ್ಸಿನ ಐದು ವರ್ಷ ಕೊಡುವವರು ಯಾರಿದ್ದೀರಿ, ಕೈಯೆತ್ತಿ ಎಂದು ಉಪನ್ಯಾಸಕಿ ಕೇಳಿದಾಗ ತುಂಬಿದ ಸಭೆಯಲ್ಲಿ ಇವರಿಬ್ಬರ ಕೈ ಮಾತ್ರ ಮೇಲೇಳುತ್ತದೆ. ಸಭೆಯ ಉಳಿದ ಹೆಂಗಸರು ನಿಜ ಹೇಳಿದರೋ ಇಲ್ಲವೋ ಎಂಬ ಅನುಮಾನವನ್ನು ಆ ದೃಶ್ಯ ನೋಡುಗರಿಗೆ ಬಿಡುತ್ತದೆ. ಈ ನಾಯಕಿ ನಡುನಡುವೆ ಕ್ಯಾಮೆರಾದ ಕಡೆ ತಿರುಗಿ ನಮ್ಮೊಡನೆ ಮಾತಾಡುತ್ತಾಳೆ, ಹಾಸಿಗೆಯಲ್ಲಿದ್ದಾಗಲೂ. ಮೊದಮೊದಲು ಅದು ಧೈರ್ಯವೆನಿಸುತ್ತದೆ. ತನ್ನ ಪ್ರಾಣ ಸ್ನೇಹಿತೆಯ ಸಾವಿಗೆ ತಾನೇ ಕಾರಣಳಾದೆನೆಂಬ ಕೊರಗು ಅವಳೊಳಗಿದೆ ಎಂದು ತಿಳಿದಾಗ, ಅವಳು ತನ್ನ ಮೈಯಿಂದ ತಪ್ಪಿಸಿಕೊಳ್ಳಲು ನಮ್ಮ ಕಡೆ ತಿರುಗುತ್ತಿದ್ದಾಳೆ ಎಂಬುದು ಅರ್ಥವಾಗುತ್ತದೆ. 2019ರ ಎರಡನೆಯ ಸೀಸನ್ನಿನಲ್ಲಿ ಬರುವ ಪಾದ್ರಿಯೊಬ್ಬನೇ ಅದನ್ನು ಗಮನಿಸಿ, ಈಗ ನೀನು ಎಲ್ಲಿಗೆ ಹೋದೆ ಎಂದು ಕೇಳುವವನು. ಅವಳ ಗೈರುಹಾಜರಿಯನ್ನು ಕಂಡವನನ್ನೇ ಅವಳು ಪ್ರೀತಿಸುತ್ತಾಳೆ.

ಸುಖ ಮತ್ತು ಭಯದ ಗಂಟನ್ನು ಅತಿ ಸೂಕ್ಷ್ಮವಾಗಿ ಬಿಡಿಸಿ ತೋರಿಸಿದವರು ಮಿಕೇಲಾ ಕೋಲ್. ಘಾನಾ ಮೂಲದ ತಂದೆತಾಯಿಯ ಮಗಳಾಗಿ ಲಂಡನ್ನಿನಲ್ಲಿ ಬೆಳೆದ ಅವರು ತಮ್ಮ ಹಿಂದಿನ ಸರಣಿಯನ್ನು ಬರೆಯುತ್ತಿದ್ದ ದಿನಗಳಲ್ಲಿ ತಮ್ಮ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನು 2018ರಲ್ಲಿ ಎಡಿನ್‌ಬರೋದ ಉಪನ್ಯಾಸವೊಂದರಲ್ಲಿ ಬಹಿರಂಗವಾಗಿ ಹೇಳಿದರು. 2020ರ ‘ಐ ಮೇ ಡಿಸ್ಟ್ರಾಯ್ ಯು’ ಅದರಿಂದಲೇ ಹುಟ್ಟಿತು. ಬಾರಿನಲ್ಲಿ ಯಾರೋ ಪಾನೀಯಕ್ಕೆ ಏನೋ ಬೆರೆಸಿದ್ದರಿಂದ ಎಚ್ಚರ ತಪ್ಪಿ ಅತ್ಯಾಚಾರಕ್ಕೆ ಒಳಗಾದ ಅರಬೆಲ್ಲಾ ಎಂಬ ಬರಹಗಾರ್ತಿ ತುಂಡು ತುಂಡು ನೆನಪುಗಳನ್ನು ಜೋಡಿಸುತ್ತ ಹೋಗುವ ಕಥೆಯಿದು. ಆದರೆ ಅವಳ ಬಯಕೆ ಆ ರಾತ್ರಿಗೆ ಸತ್ತುಹೋಗುವುದಿಲ್ಲ. ಅವಳು ಮತ್ತೆ ಒಬ್ಬ ಸಹಬರಹಗಾರನ ಜೊತೆ ಮಲಗುತ್ತಾಳೆ, ಅವನು ಹೇಳದೆ ಕೇಳದೆ ಕಾಂಡೋಮ್ ತೆಗೆದುಬಿಟ್ಟಿರುತ್ತಾನೆ. ನಿನಗೆ ಗೊತ್ತಾಗುತ್ತಿದೆ ಎಂದುಕೊಂಡೆ ಎಂಬ ಅವನ ಸಮಜಾಯಿಷಿಯನ್ನು ಆಗ ನಂಬಿ ಅವಳು ಅವನ ಜೊತೆಗೇ ಹೋಗಿ ಗರ್ಭನಿರೋಧಕ ಮಾತ್ರೆ ತರುತ್ತಾಳೆ. ಇದೂ ಅತ್ಯಾಚಾರವೇ ಎಂದು ಅವಳಿಗೆ ತಿಳಿಯುವುದು ಆಮೇಲೆ, ಇನ್ನೊಬ್ಬಳ ಅನುಭವ ಕೇಳಿದಾಗ. ಮೊದಲನೆಯದಕ್ಕೆ ಹೆಸರಿತ್ತು, ಪೊಲೀಸ್ ಠಾಣೆಯಿತ್ತು. ಎರಡನೆಯದಕ್ಕೆ ಅವಳ ಬಳಿ ಹೆಸರೇ ಇರಲಿಲ್ಲ. ಹೀಗೆ ಕಾಂಡೋಮ್ ತೆಗೆಯುವುದರ ವಿರುದ್ಧ ಹೆಣ್ಣು ಪರಿಹಾರ ಕೇಳಿ ಸಿವಿಲ್ ದಾವೆ ಹೂಡಬಹುದೆಂದು ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ಮಾಡಿದ್ದು 2021ರ ಅಕ್ಟೋಬರ್‌ನಲ್ಲಿ.

ಅದೇ ಸರಣಿಯಲ್ಲಿ ಇಟಲಿಯ ಒಂದು ರಾತ್ರಿಯಿದೆ. ಅರಬೆಲ್ಲಾಗೆ ಮುಟ್ಟಾಗಿದೆ, ಜೊತೆಗಿರುವ ಗಂಡಸು ಅದನ್ನು ಅಸಹ್ಯಪಡುವುದಿಲ್ಲ, ಹಾಸಿಗೆಯ ಮೇಲೆ ಬಿದ್ದ ರಕ್ತದ ಹೆಪ್ಪನ್ನು ಕುತೂಹಲದಿಂದ ನೋಡುತ್ತಾನೆ. ಅತ್ಯಾಚಾರದ ಕಥೆ ಹೇಳುವ ಸರಣಿಯಲ್ಲಿ ಇಷ್ಟು ಮೃದುವಾದ, ಇಷ್ಟು ದಿನನಿತ್ಯದ ದೃಶ್ಯಕ್ಕೆ ಜಾಗವಿದೆ ಎಂಬುದು ದೊಡ್ಡ ಸಂಗತಿ. ನೆಟ್‌ಫ್ಲಿಕ್ಸ್ ಈ ಸರಣಿಗೆ 10 ಲಕ್ಷ ಡಾಲರ್ ಕೊಡಲು ಮುಂದೆ ಬಂದಾಗ, ಕೃತಿಸ್ವಾಮ್ಯದಲ್ಲಿ ಸಣ್ಣ ಪಾಲನ್ನೂ ತನಗೆ ಉಳಿಸಿಕೊಡದ ಕಾರಣಕ್ಕೆ ಕೋಲ್ ಅದನ್ನು ನಿರಾಕರಿಸಿ ಬಿಬಿಸಿಗೆ ಹೋದರು. ತನ್ನ ಮೈಯ ಕಥೆಯ ಒಡೆತನ ಯಾರದು ಎಂಬ ಪ್ರಶ್ನೆ ತೆರೆಯ ಮೇಲೆ ಎಷ್ಟು ಮುಖ್ಯವೋ ಕರಾರುಪತ್ರದಲ್ಲೂ ಅಷ್ಟೇ ಮುಖ್ಯ ಎಂಬುದನ್ನು ನಮ್ಮ ಚರ್ಚೆಗಳು ಸಾಮಾನ್ಯವಾಗಿ ಮರೆಯುತ್ತವೆ.

ಕ್ಯಾಮೆರಾದ ಹಿಂದೆ ಆದ ಇನ್ನೊಂದು ಬದಲಾವಣೆಯನ್ನು ಹೇಳಬೇಕು. ‘ದಿ ಡ್ಯೂಸ್’ ಸರಣಿಯ ನಟಿಯೊಬ್ಬರ ಬೇಡಿಕೆಯ ಮೇರೆಗೆ ಎಚ್‌ಬಿಒ ಇಂಟಿಮಸಿ ಕೋಆರ್ಡಿನೇಟರ್ ಒಬ್ಬರನ್ನು ನೇಮಿಸಿತು, 2018ರ ಅಕ್ಟೋಬರ್‌ನಲ್ಲಿ ಇಂಥ ದೃಶ್ಯಗಳಿರುವ ತನ್ನ ಎಲ್ಲ ಸರಣಿಗಳಿಗೂ ಅದನ್ನು ವಿಸ್ತರಿಸುವುದಾಗಿ ಹೇಳಿತು. ಹೊಡೆದಾಟದ ದೃಶ್ಯಕ್ಕೆ ಸಾಹಸ ನಿರ್ದೇಶಕ ಇರುವಂತೆ ಹಾಸಿಗೆಯ ದೃಶ್ಯಕ್ಕೂ ಒಬ್ಬರಿರುತ್ತಾರೆ. ಯಾರ ಕೈ ಎಲ್ಲಿರಬೇಕು, ಎಷ್ಟು ಮೈ ಕಾಣಬೇಕು, ಯಾವುದಕ್ಕೆ ನಟಿ ಒಪ್ಪಿದ್ದಾಳೆ ಎಂಬುದನ್ನು ಮೊದಲೇ ಮಾತಾಡಿ, ಬರೆದು, ಅಭ್ಯಾಸ ಮಾಡಿಸುತ್ತಾರೆ. ಕೋಲ್‌ರ ಸರಣಿಯಲ್ಲಿ ಈ ಕೆಲಸ ಮಾಡಿದ ಈಟಾ ಒಬ್ರಾಯನ್ ಅದೇ ವರ್ಷ ಬಂದ ಐರ್ಲೆಂಡಿನ ‘ನಾರ್ಮಲ್ ಪೀಪಲ್’ನಲ್ಲೂ ಕೆಲಸ ಮಾಡಿದರು. ಅಲ್ಲಿ ಮರಿಯಾನ್ ಮತ್ತು ಕಾನಲ್ ಎಂಬ ಶಾಲಾ ಹಂತದ ಪ್ರೇಮಿಗಳ ಮೊದಲ ಮಿಲನದಲ್ಲಿ ಹುಡುಗ, ನಿಲ್ಲಿಸಬೇಕೆನಿಸಿದರೆ ನಿಲ್ಲಿಸೋಣ, ಅದರಲ್ಲಿ ಮುಜುಗರವೇನಿಲ್ಲ ಎಂದು ಹೇಳುತ್ತಾನೆ. ಆ ಮಿಲನದ ದೃಶ್ಯದ ಬಗ್ಗೆ ಐರ್ಲೆಂಡಿನ ರೇಡಿಯೊಗೆ ಕರೆ ಮಾಡಿ ಸಿಟ್ಟಾದವರೂ ಇದ್ದರು.

ಆ ಐರ್ಲೆಂಡನ್ನು ಕನ್ನಡಿಗರಾದ ನಾವು ಬರಿಯ ಪ್ರೇಮಕಥೆಯ ನೆಲವಾಗಿ ನೋಡಲಾರೆವು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್‌ನಲ್ಲಿ ಗಾಲ್ವೇ ನಗರದಲ್ಲಿ ತೀರಿಕೊಂಡರು. ಹದಿನೇಳು ವಾರಗಳ ಗರ್ಭ ಉಳಿಯುವುದಿಲ್ಲವೆಂದು ಗೊತ್ತಿದ್ದೂ, ಭ್ರೂಣದ ಹೃದಯ ಮಿಡಿಯುತ್ತಿದೆಯೆಂಬ ಕಾರಣಕ್ಕೆ ಅವರು ಕೇಳಿಕೊಂಡ ಗರ್ಭಪಾತವನ್ನು ಮಾಡಲಿಲ್ಲ, ನಂಜು ಮೈಗೇರಿತು. ಅವರಿಗೆ ಆಗ 31 ವರ್ಷ. 2018ರ ಮೇ 25ರಂದು ನಡೆದ ಜನಮತಗಣನೆಯಲ್ಲಿ ಐರ್ಲೆಂಡಿನ ಶೇ 66.4ರಷ್ಟು ಮತದಾರರು ಗರ್ಭಪಾತವನ್ನು ತಡೆಯುತ್ತಿದ್ದ ಕಾನೂನಿನ ಬೇರಾಗಿದ್ದ ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಲು ಮತ ಹಾಕಿದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದಿದ್ದ ಸವಿತಾ ಅವರ ಚಿತ್ರದ ಮುಂದೆ ಜನ ಹೂವಿಟ್ಟು ಚೀಟಿಗಳನ್ನು ಅಂಟಿಸಿದರು. ಎರಡು ವರ್ಷಗಳ ನಂತರ ಅದೇ ನಾಡಿನ ಟಿವಿ ಕಥೆಯಲ್ಲಿ ಹುಡುಗಿಯೊಬ್ಬಳು ತನಗೆ ಬೇಕು ಎಂದು ನಿರಾಳವಾಗಿ ಹೇಳುವುದನ್ನು ನೋಡುವಾಗ ನನಗೆ ಬೆಳಗಾವಿಯ ಆ ಮನೆಯ ನೆನಪಾಗುತ್ತದೆ. ಮೈಯ ಸುಖದ ಹಿಂದೆ ಕಾನೂನಿನ ನೆಲವಿದೆ, ಆ ನೆಲಕ್ಕೆ ಒಬ್ಬರ ಜೀವ ಹೋಗಿದೆ. ಇತ್ತ ಅಮೆರಿಕದಲ್ಲಿ 2022ರ ಜೂನ್ 24ರಂದು ಸುಪ್ರೀಂ ಕೋರ್ಟ್ ರೋ ತೀರ್ಪನ್ನೇ ರದ್ದುಮಾಡಿತು. ‘ಗರ್ಲ್ಸ್’ನ ನಾಲ್ಕನೆಯ ಸೀಸನ್ನಿನಲ್ಲಿ ಮಿಮಿ-ರೋಸ್ ಎಂಬಾಕೆ, ನಿನ್ನೆ ಗರ್ಭಪಾತ ಮಾಡಿಸಿಕೊಂಡೆ, ಹಾಗಾಗಿ ಇವತ್ತು ಓಡಲು ಬರಲಾರೆ ಎಂದು ಆಡಮ್‌ಗೆ ಹೇಳುವ ಆ ಸಹಜ ಧ್ವನಿ ಈಗ ಆ ದೇಶದ ಹಲವು ರಾಜ್ಯಗಳಲ್ಲಿ ಹಳೆಯ ಕಾಲದ್ದೆನಿಸುತ್ತದೆ.

ಈ ಹಿನ್ನೆಲೆಯಲ್ಲಿ ಒಂದು ಹೊಸ ಬೆಳವಣಿಗೆಯನ್ನು ಓದಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಸಂಶೋಧಕರು 2023ರಲ್ಲಿ 10ರಿಂದ 24 ವಯಸ್ಸಿನ 1,500 ಮಂದಿಯನ್ನು ಕೇಳಿದಾಗ, 13 ವರ್ಷ ಮೇಲ್ಪಟ್ಟವರಲ್ಲಿ ಶೇ 47.5ರಷ್ಟು ಮಂದಿ ಹೆಚ್ಚಿನ ಕಥೆಗಳಿಗೆ ಲೈಂಗಿಕ ದೃಶ್ಯಗಳ ಅಗತ್ಯವಿಲ್ಲ ಎಂದರು. ಸ್ನೇಹದ ಕಥೆಗಳು ಹೆಚ್ಚು ಬೇಕೆಂದವರು ಅರ್ಧಕ್ಕಿಂತ ಹೆಚ್ಚು. ಹೊಸ ತಲೆಮಾರು ಮಡಿವಂತಿಕೆಗೆ ಮರಳಿತು ಎಂದು ಕೆಲವರು ಬರೆದರು. ನನಗೆ ಹಾಗನಿಸುವುದಿಲ್ಲ. ಹದಿಹರೆಯದವರ ಕಥೆಯೆಂದು ಹೆಸರಾದ ‘ಯುಫೋರಿಯಾ’ದಲ್ಲಿ ತನ್ನ ಬೆತ್ತಲೆ ದೃಶ್ಯಗಳಲ್ಲಿ ಕೆಲವು ಅನಗತ್ಯವೆಂದು ಹೇಳಿ ತೆಗೆಸಿಕೊಂಡೆನೆಂದು ನಟಿ ಸಿಡ್ನಿ ಸ್ವೀನಿ ಹೇಳಿದ್ದಾರೆ. ಸ್ವತಃ ಅಭಿನಯಿಸುವವಳಿಗೇ ಬೇಡವೆನಿಸಿದ್ದು ಅವಳ ವಯಸ್ಸಿನ ನೋಡುಗಿಗೆ ಬೇಡವೆನಿಸಿದರೆ ಅದನ್ನು ಮಡಿ ಎನ್ನಲಾಗದು. ಸಮ್ಮತಿಯ ಮಾತನ್ನು ಕೇಳಿ ಬೆಳೆದ ತಲೆಮಾರು ಅದೇ ಮಾತನ್ನು ತೆರೆಗೂ ಅನ್ವಯಿಸುತ್ತಿದೆ.

ಅವರು ಏನನ್ನು ನೋಡಬಯಸುತ್ತಾರೆಂದು ಕೇಳಿದರೆ ನಾನು 2020ರಲ್ಲಿ ಬಂದ ‘ಸೆಕ್ಸ್ ಎಜುಕೇಶನ್’ ಸರಣಿಯ ಎರಡನೆಯ ಸೀಸನ್ನನ್ನು ತೋರಿಸುತ್ತೇನೆ. ಏಮಿ ಎಂಬ ಹುಡುಗಿ ಗೆಳತಿಯ ಹುಟ್ಟುಹಬ್ಬಕ್ಕೆ ಕೈಯಲ್ಲಿ ಕೇಕ್ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದಾಳೆ. ಹಿಂದೆ ನಿಂತವನೊಬ್ಬ ಅವಳಿಗೆ ಒತ್ತಿನಿಂತು ತನ್ನ ಚಟ ತೀರಿಸಿಕೊಳ್ಳುತ್ತಾನೆ. ಅವಳ ಮೊದಲ ಚಿಂತೆ ತನಗೆ ಇಷ್ಟವಾದ ಜೀನ್ಸ್ ಹಾಳಾಯಿತಲ್ಲ ಎಂಬುದು. ಬಸ್ಸಿನಲ್ಲಿ ಓಡಾಡಿದ ಯಾವ ಹೆಣ್ಣಿಗೂ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ, ಆ ಚಿಂತೆಯನ್ನೂ. ಮರುದಿನದಿಂದ ಏಮಿ ಬಸ್ಸು ಹತ್ತಲಾರಳು, ದೂರವಾದರೂ ನಡೆದೇ ಶಾಲೆಗೆ ಹೋಗುತ್ತಾಳೆ. ತಾನು ಪ್ರೀತಿಸುವ ಹುಡುಗ ಹತ್ತಿರ ಬಂದಾಗಲೂ ಅವಳ ಮೈ ಬೆಚ್ಚುತ್ತದೆ. ಬಸ್ಸಿನ ಆ ಅಪರಿಚಿತ ಅವಳ ಹಾಸಿಗೆಯವರೆಗೂ ಬಂದುಬಿಟ್ಟಿದ್ದಾನೆ. ಶಾಲೆಯಲ್ಲಿ ಶಿಕ್ಷೆಯಾಗಿ ಒಂದು ಕೋಣೆಯಲ್ಲಿ ಕೂತ, ಒಬ್ಬರನ್ನೊಬ್ಬರು ಅಷ್ಟೇನೂ ಇಷ್ಟಪಡದ ಹುಡುಗಿಯರಿಗೆ, ನಿಮ್ಮಲ್ಲಿ ಸಮಾನವಾದದ್ದು ಏನೆಂದು ಹುಡುಕಿ ಎಂದು ಶಿಕ್ಷಕಿ ಹೇಳುತ್ತಾರೆ. ಬಹಳ ಹೊತ್ತು ಏನೂ ಸಿಗುವುದಿಲ್ಲ. ಏಮಿ ಅಳುತ್ತ ಬಸ್ಸಿನ ಮಾತು ಹೇಳಿದ ಮೇಲೆ ಒಬ್ಬೊಬ್ಬಳೂ ತನ್ನ ತನ್ನ ಕಥೆ ಹೇಳತೊಡಗುತ್ತಾಳೆ.

ಮಾರನೆಯ ಬೆಳಗ್ಗೆ ಆ ಹುಡುಗಿಯರೆಲ್ಲ ಬಸ್ ನಿಲ್ದಾಣದಲ್ಲಿ ಏಮಿಗಾಗಿ ಕಾಯುತ್ತಿರುತ್ತಾರೆ. ಅದೊಂದು ದರಿದ್ರ ಬಸ್ಸು ಅಷ್ಟೇ ಎಂದು ಅವರಲ್ಲೊಬ್ಬಳು ಹೇಳುತ್ತಾಳೆ. ಏಮಿ ಹತ್ತುತ್ತಾಳೆ. ಹಿಂದಿನ ಉದ್ದನೆಯ ಸೀಟಿನಲ್ಲಿ ಅವಳನ್ನು ನಡುವೆ ಕೂರಿಸಿಕೊಂಡು ಎಲ್ಲರೂ ಒತ್ತಾಗಿ ಕೂರುತ್ತಾರೆ. ಬಸ್ಸು ಹೊರಟ ಮೇಲೂ ಯಾರೂ ಮಾತಾಡುವುದಿಲ್ಲ. ಅವಳು ಕಿಟಕಿಯಾಚೆ ನೋಡುತ್ತಾಳೆ, ಮೈಗೆ ಮೈ ತಾಗಿದೆ, ಅವಳು ಬೆಚ್ಚುವುದಿಲ್ಲ.